ಹಡಗು ಕಾಯುವುದಿಲ್ಲ, ನೆರಳೂ ಕಾಯುವುದಿಲ್ಲ

ಗುಬ್ಬಿಯಲ್ಲಿರುವ ನನ್ನ ಓರಗಿತ್ತಿ ಅಮೆರಿಕದ ಮಗಳ ಮನೆಗೆ ಹೊರಡುವ ಮುನ್ನ ಒಂದು ತಿಂಗಳು ನನಗೆ ದಿನಕ್ಕೆರಡು ಸಲ ಫೋನ್ ಮಾಡಿದಳು. ಮಗಳು ಅಳಿಯ ಸೇರಿ ಮೂರು ರಾತ್ರಿಯ ಹಡಗಿನ ಪ್ರವಾಸಕ್ಕೂ ಟಿಕೆಟ್ ಮಾಡಿಸಿಟ್ಟಿದ್ದರು. ಹಡಗಿನ ಚಿಂತೆ ಅವಳಿಗಿರಲಿಲ್ಲ. "ಅಕ್ಕಾ, ನಡುವೆ ಒಂದು ದ್ವೀಪದಲ್ಲಿ ಇಳಿಸುತ್ತಾರಂತಲ್ಲ, ಅಲ್ಲಿ ಊರಿಲ್ಲ, ಕೇರಿಯಿಲ್ಲ, ಗುಡಿಯಿಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ಮರಳಿನ ಮೇಲೆ ಕುಳಿತು ಏನು ಮಾಡುವುದು?" ಎಂಬುದೊಂದೇ ಪ್ರಶ್ನೆ. ನಾನು ಅದೇ ದ್ವೀಪಕ್ಕೆ ಎರಡು ಸಲ ಹೋಗಿ ಬಂದವಳು. ಮೊದಲ ಸಲ ಇಡೀ ದಿನವನ್ನು ಹಾಳು ಮಾಡಿಕೊಂಡವಳೂ ಹೌದು. ಫೋನಿನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನೆಲ್ಲ ಒಂದೆಡೆ ಬರೆದಿಡೋಣವೆನಿಸಿತು.

ನಮ್ಮ ಮಗ ಇರುವುದು ಫ್ಲಾರಿಡಾದ ಒರ್ಲ್ಯಾಂಡೋದಲ್ಲಿ. ಅಲ್ಲಿಂದ ಪೋರ್ಟ್ ಕೆನವೆರಲ್ ಬಂದರಿಗೆ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಅಲ್ಲಿ ಹಡಗು ಹತ್ತಿದರೆ ಒಂದು ದಿನ ಬಹಾಮಾಸ್‌ನ ರಾಜಧಾನಿ ನಸ್ಸಾವು, ಇನ್ನೊಂದು ದಿನ ಕೋಕೋ ಕೇ. ಈ ಕೋಕೋ ಕೇ ರಾಯಲ್ ಕೆರಿಬಿಯನ್ ಕಂಪನಿಯ ಪ್ರಯಾಣಿಕರಿಗೆಂದೇ ಸಜ್ಜುಗೊಳಿಸಿದ ಪುಟ್ಟ ದ್ವೀಪ. ನಕಾಶೆಯಲ್ಲಿ ಅದರ ಹೆಸರು ಲಿಟಲ್ ಸ್ಟಿರಪ್ ಕೇ. ಪಕ್ಕದಲ್ಲೇ ಗ್ರೇಟ್ ಸ್ಟಿರಪ್ ಕೇ ಇದೆ. 1977ರಲ್ಲಿ ನಾರ್ವೀಜಿಯನ್ ಕಂಪನಿ ಅದನ್ನು ತನ್ನ ಪ್ರಯಾಣಿಕರಿಗಾಗಿ ತೆಗೆದುಕೊಂಡ ಮೇಲೆಯೇ ಹಡಗಿನ ಕಂಪನಿಗಳು ಹೀಗೆ ತಮ್ಮದೇ ದ್ವೀಪ ಇಟ್ಟುಕೊಳ್ಳುವ ರೂಢಿ ಬೆಳೆದದ್ದು. ಓರಗಿತ್ತಿಗೆ ನಾನು ಮೊದಲು ಕೇಳಿದ ಪ್ರಶ್ನೆ, "ನಿನ್ನ ಹಡಗು ದ್ವೀಪದ ಕಟ್ಟೆಗೇ ಬಂದು ನಿಲ್ಲುತ್ತದೆಯೋ, ದೂರದಲ್ಲಿ ನಿಂತು ದೋಣಿಯಲ್ಲಿ ಕಳುಹಿಸುತ್ತಾರೋ?" ಕೋಕೋ ಕೇಯಲ್ಲಿ 2019ರಿಂದ ಕಟ್ಟೆ ಇದೆ, ಏಕಕಾಲಕ್ಕೆ ಎರಡು ದೊಡ್ಡ ಹಡಗುಗಳು ನಿಲ್ಲುತ್ತವೆ, ನಡೆದೇ ಇಳಿಯಬಹುದು. ದೋಣಿಯಲ್ಲಿ ಇಳಿಸುವ ದ್ವೀಪವಾದರೆ ಹೋಗುವಾಗ ಬರುವಾಗ ಸರದಿಯಲ್ಲಿ ನಿಲ್ಲುವ ಹೊತ್ತನ್ನೂ ದಿನದ ಲೆಕ್ಕದಿಂದ ಕಳೆಯಬೇಕು. ಮಂಡಿನೋವಿನವರಿಗೆ ಓಲಾಡುವ ದೋಣಿಗೆ ಕಾಲಿಡುವುದು ಬೇರೆ ಕಷ್ಟ.

ಮೊದಲ ಸಲದ ಕಥೆಯನ್ನು ಬೇಗ ಮುಗಿಸುತ್ತೇನೆ, ನೆನೆದರೆ ಈಗಲೂ ಕತ್ತು ಉರಿಯುತ್ತದೆ. ರಜೆಯೆಂದು ಒಂಬತ್ತಕ್ಕೆ ಎದ್ದೆವು. ಹಡಗಿನಲ್ಲಿ ನಿಧಾನವಾಗಿ ತಿಂಡಿ ತಿಂದು, ಮೊಮ್ಮಗನ ಟೋಪಿ ಹುಡುಕಿ, ಇಳಿಯುವಾಗ ಹನ್ನೊಂದು. ಸಮುದ್ರತೀರದಲ್ಲಿ ಕುರ್ಚಿಗೆ ಹಣ ಕೊಡಬೇಕಿಲ್ಲ, ನೆರಳಿನ ಕೊಡೆಯಿರುವ ಕುರ್ಚಿ ಮೊದಲು ಬಂದವರಿಗೆ. ನಾವು ಹೋಗುವಷ್ಟರಲ್ಲಿ ಕೊಡೆಗಳ ಕೆಳಗೆಲ್ಲ ಯಾರದೋ ಟವೆಲ್, ಯಾರದೋ ಚಪ್ಪಲಿ. ತೆಂಗಿನ ಮರದ ನೆರಳಿನಲ್ಲಿ ಕುಳಿತೆವು. ತಿಪಟೂರಿನವರಾಗಿ ಹುಟ್ಟಿಯೂ ತೆಂಗಿನ ನೆರಳನ್ನು ನಂಬಿದ್ದು ನಮ್ಮ ದಡ್ಡತನ! ಅದು ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲಿಸುತ್ತದೆ. ನಾನು ತೊಟ್ಟಿದ್ದದ್ದು ಹತ್ತಿಯ ಚೂಡಿದಾರ, ಅದು ನೀರು ಕುಡಿದು ಒದ್ದೆ ಗೋಣಿಚೀಲದಷ್ಟು ಭಾರವಾಯಿತು. ಹೊಲ ತೋಟದ ಬಿಸಿಲು ಕಂಡವರಿಗೆ ಕ್ರೀಮು ಯಾಕೆ ಎಂದು ಯಜಮಾನರು ಜಂಭ ಪಟ್ಟರು. ರಾತ್ರಿ ಅವರ ಪಾದದ ಮೇಲ್ಭಾಗದಲ್ಲಿ ಚಪ್ಪಲಿಯ ಪಟ್ಟಿ ಇದ್ದ ಕಡೆ ಬಿಟ್ಟು ಉಳಿದದ್ದೆಲ್ಲ ಇಟ್ಟಿಗೆಯ ಬಣ್ಣ. ನೆತ್ತಿಯ ಮೇಲಿನ ಬಿಸಿಲು ನಮಗೆ ಗೊತ್ತು, ಬಿಳಿ ಮರಳಿನಿಂದಲೂ ನೀರಿನಿಂದಲೂ ಮೇಲಕ್ಕೆ ಪುಟಿಯುವ ಬಿಸಿಲು ಗೊತ್ತಿರಲಿಲ್ಲ.

ಎರಡನೆಯ ಸಲ, ಈ ವರ್ಷದ ಜನವರಿಯಲ್ಲಿ, ನಾನು ಎಡೆಯೂರು ತೇರಿಗೆ ಹೊರಡುವಂತೆ ಹೊರಟೆ. ಜಾತ್ರೆಗೆ ಹೋಗುವವರಿಗೆ ತಿಳಿದ ವಿಷಯ ಇದು: ಜನ ಬಸ್ಸಿಳಿದು ಮೊದಲು ಕಂಡ ಅಂಗಡಿಯ ಮುಂದೆಯೇ ಗುಂಪುಗಟ್ಟುತ್ತಾರೆ. ಒಳ್ಳೆಯ ಕಡಲೆಪುರಿ, ಬತ್ತಾಸು ಬೇಕಿದ್ದವರು ತಲೆ ತಗ್ಗಿಸಿಕೊಂಡು ಒಳಗೆ ನಡೆಯುತ್ತಾರೆ. ದೊಡ್ಡ ಹಡಗೊಂದರಲ್ಲೇ ಐದು ಸಾವಿರಕ್ಕೂ ಹೆಚ್ಚು ಪ್ರಯಾಣಿಕರಿರುತ್ತಾರೆ. ಎರಡು ಹಡಗು ನಿಂತ ದಿನ ಅದು ದ್ವೀಪವೇನೂ ಅಲ್ಲ, ತೇರಿನ ಬೀದಿ. ಹಿಂದಿನ ರಾತ್ರಿಯೇ ಚೀಲ ಕಟ್ಟಿಟ್ಟೆ. ಬೆಳಗ್ಗೆ ಬೇಗ ತಿಂಡಿ ಮುಗಿಸಿ, ಇಳಿಯಲು ಬಿಡುವ ಹೊತ್ತಿಗೆ ಬಾಗಿಲ ಬಳಿ ನಿಂತಿದ್ದೆವು. ಮಗ ಗೊಣಗಿದ, ಸೊಸೆ ನಕ್ಕಳು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇಳಿದವರಲ್ಲಿ ಮಕ್ಕಳಿರುವವರೆಲ್ಲ ನೀರಿನ ಜಾರುಬಂಡೆಗಳ ಕಡೆ ಓಡಿದರು. ಅದಕ್ಕೆ ಬೇರೆ ಟಿಕೆಟ್. ಅದರಲ್ಲಿ ಅತಿ ಎತ್ತರದ್ದು 135 ಅಡಿ, ನೋಡಿಯೇ ನನಗೆ ತಲೆ ತಿರುಗಿತು. ಮಗನೂ ಮೊಮ್ಮಗನೂ ಅತ್ತ ಹೋದರು. ಉಳಿದವರು ಹತ್ತಿರದ ತೀರದಲ್ಲೋ, ನಡುವಿನ ಸಿಹಿನೀರಿನ ದೊಡ್ಡ ಕೊಳದಲ್ಲೋ ನಿಂತರು. ಕೊಳದ ಬಳಿ ಬೆಳಗ್ಗೆಯೇ ಡೋಲು ಬಡಿದಂಥ ಸಂಗೀತ. ನಾವು ಮೂವರು ದ್ವೀಪದೊಳಗೆ ಓಡಾಡುವ ತೆರೆದ ಗಾಡಿ ಹತ್ತಿ, ಅದಕ್ಕೂ ಹಣವಿಲ್ಲ, ಸೌತ್ ಬೀಚ್ ಎಂಬ ಕೊನೆಯ ತೀರಕ್ಕೆ ಹೋದೆವು. ಅಲ್ಲಿ ಆಗ ಇದ್ದವರು ಬೆರಳೆಣಿಕೆಯಷ್ಟು ಜನ, ಜೊತೆಗೆ ಎರಡು ಕಡಲಹಕ್ಕಿಗಳು. ಕೊಡೆಯ ಕೆಳಗೆ ಮೂರು ಕುರ್ಚಿ ಸಿಕ್ಕವು. ಶೌಚಾಲಯ ಎಷ್ಟು ದೂರವೆಂದು ನೋಡಿಕೊಂಡೇ ಕುರ್ಚಿ ಹಿಡಿದೆ, ಅರವತ್ತು ದಾಟಿದವರು ಇದನ್ನು ಮರೆಯಬಾರದು. ಖಾಸಗಿ ಗುಡಿಸಲುಗಳನ್ನು ಬಾಡಿಗೆಗೆ ಕೊಡುತ್ತಾರೆ, ಬೆಲೆ ದಿನದಿಂದ ದಿನಕ್ಕೆ ಬೇರೆ. ಮಗ ಕೊಡಿಸಲು ಸಿದ್ಧನಿದ್ದ. ಬೇಗ ಎದ್ದರೆ ಪುಕ್ಕಟೆಯಾಗಿ ಸಿಗುವ ನೆರಳಿಗೆ ಅಷ್ಟು ಡಾಲರ್ ಕೊಡುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ.

ನೀರಿನ ವಿಷಯ ಹೇಳಬೇಕು. ನಮ್ಮ ಜಿಲ್ಲೆಗೆ ಸಮುದ್ರವಿಲ್ಲ. ನಾನು ಕಂಡ ಕಡಲೆಂದರೆ ಗೋಕರ್ಣ, ಮಲ್ಪೆ, ಕಾಲ ಕೆಳಗಿನ ಮರಳನ್ನು ಎಳೆದೊಯ್ಯುವ ಅಲೆ. ಇಲ್ಲಿ ತುಂಬಿದ ಕಡಬದ ಕೆರೆಯಂತೆ ಸಮ ನೀರು, ಸೊಂಟದವರೆಗೆ ಹೋದರೂ ಪಾದದ ಬೆರಳುಗಳು ಕಾಣುತ್ತವೆ. ಜನವರಿಯಾದ್ದರಿಂದ ಮೊದಲ ಹೆಜ್ಜೆಗೆ ಚಳಿಯೆನಿಸಿತು. ತೇಲುವ ಜಾಕೆಟ್ ತೀರದಲ್ಲೇ ಉಚಿತವಾಗಿ ಕೊಡುತ್ತಾರೆ, ನಾಚಿಕೆಪಡದೆ ಹಾಕಿಕೊಂಡೆ. ಈ ಸಲ ಉದ್ದ ತೋಳಿನ, ಮೊಣಕಾಲು ಮುಚ್ಚುವ ಈಜುಡುಗೆ ಕೊಂಡಿದ್ದೆ. ಹೊರಬಂದ ಅರ್ಧ ಗಂಟೆಯಲ್ಲಿ ಒಣಗಿತು. ಜಾಕೆಟ್ ತೊಟ್ಟು ಮಲಗಿದರೆ ನೀರು ತಾನೇ ಎತ್ತಿಕೊಂಡಿತು. ಕಿವಿ ಮುಳುಗಿದ ಕೂಡಲೇ ಹೊರಗಿನ ಗದ್ದಲ ನಿಂತು ನನ್ನ ಉಸಿರಿನ ಸದ್ದು ಮಾತ್ರ ಕೇಳಿಸುತ್ತಿತ್ತು. ಅರವತ್ತೆರಡು ವರ್ಷಕ್ಕೆ ಮೊದಲ ಸಲ ನೀರಿನ ಮೇಲೆ ಮಲಗಿದೆ. ಎಷ್ಟು ಹೊತ್ತು ಎಂದು ತಿಳಿಯಲಿಲ್ಲ. ಸೊಸೆ ಬಂದು ಕಾಲು ಹಿಡಿದೆಳೆದಳು, "ಅತ್ತೆ, ಹಗ್ಗದ ಹತ್ತಿರ ಹೋಗಿದ್ದೀರಿ" ಎಂದು.

ಹೊರಬಂದು ಮರಳನ್ನು ಅಂಗೈಯಲ್ಲಿ ಹಿಡಿದು ನೋಡಿದೆ. ನಮ್ಮ ಹೊಳೆಯ ಮರಳಿನಂತೆ ಮಿಂಚುವುದಿಲ್ಲ, ಹಾಲಿನ ಬಿಳುಪು, ಕೆಲವು ಕಾಳು ಗಸಗಸೆಯಂತೆ ದುಂಡಗೆ. ಬಹಾಮಾಸ್‌ನ ಮರಳು ಬಂಡೆ ಸವೆದು ಆದದ್ದಲ್ಲವಂತೆ. ಚಿಪ್ಪು, ಹವಳ ಪುಡಿಯಾಗಿ, ಆಳವಿಲ್ಲದ ಬೆಚ್ಚನೆಯ ನೀರಿನಲ್ಲಿ ಕರಗಿದ ಸುಣ್ಣದ ಅಂಶ ಕಣಗಳ ಸುತ್ತ ಪದರ ಪದರವಾಗಿ ಕೂತು ಆದದ್ದು. ಅಂದರೆ ನಾನು ಎಲೆಗೆ ಸವರುವ ಸುಣ್ಣದ ನೆಂಟನೇ. ಬಿಳಿಯಾಗಿರುವುದರಿಂದ ಮಧ್ಯಾಹ್ನವೂ ಅಂಗಾಲು ಅಷ್ಟು ಸುಡುವುದಿಲ್ಲ. ಆದರೂ ನೀರೊಳಗೆ ಕಲ್ಲಿರುವ ಕಡೆಗಳಿಗೆಂದು ರಬ್ಬರ್ ಬೂಟು ಒಯ್ದದ್ದು ಒಳ್ಳೆಯದಾಯಿತು.

ಯಜಮಾನರು ಈ ನಡುವೆ ಕಾಣೆಯಾಗಿದ್ದರು. ಹುಡುಕಿದರೆ ಒಂದು ಗಿಡ್ಡ ತೆಂಗಿನ ಮರದ ಗರಿಯನ್ನು ಮಗುಚಿ ಹಿಡಿದು, ಕನ್ನಡಕ ಹಣೆಗೇರಿಸಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾರೆ. ಈಜುಡುಗೆಯ ಜನ ಅವರನ್ನು ನೋಡುತ್ತಿದ್ದರು. ಅವರು ಹುಡುಕುತ್ತಿದ್ದದ್ದು ಬಿಳಿನೊಣ. ನಮ್ಮ ತೋಟದಲ್ಲಿ ಗರಿಯ ಅಡಿಯಲ್ಲಿ ಸುರುಳಿ ಸುರುಳಿಯಾಗಿ ಬಿಳಿ ಮೇಣ ಹಚ್ಚಿ, ಕೆಳಗಿನ ಗರಿಗಳಿಗೆಲ್ಲ ಕಾಡಿಗೆಯಂಥ ಮಸಿ ಹಿಡಿಸುವ ಆ ಕೀಟ ಮಧ್ಯ ಅಮೆರಿಕದ ಕಡೆಯದು. 2009ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡು, 2016ರಲ್ಲಿ ಪೊಳ್ಳಾಚಿಯ ತೋಟಗಳಲ್ಲಿ ಸಿಕ್ಕಿಬಿದ್ದು, ಆಮೇಲೆ ನಮ್ಮ ಕಡೆಗೂ ಬಂತು. "ತವರುಮನೆಯಲ್ಲಿ ಹೇಗಿದೆ ನೋಡೋಣ ಎಂದುಕೊಂಡೆ" ಎಂದರು. ಆ ಗರಿಯಲ್ಲಿ ಒಂದೂ ಇರಲಿಲ್ಲ. ಮರದಲ್ಲಿ ಕಾಯಿಯೂ ಇರಲಿಲ್ಲ, ಯಾರ ತಲೆಯ ಮೇಲೂ ಬೀಳದಿರಲೆಂದು ಗೊನೆಯನ್ನೇ ಕಡಿದಿದ್ದರು. ಕಾಯಿ ಬಿಡದ ತೆಂಗನ್ನು ಸಾಕುವುದು ಅವರಿಗೆ ಇವತ್ತಿಗೂ ಅರ್ಥವಾಗಿಲ್ಲ.

ಊಟದ ಬಗ್ಗೆ ಓರಗಿತ್ತಿಗೆ ಭಾರಿ ಆತಂಕ. ದ್ವೀಪದ ಊಟ ಟಿಕೆಟ್ಟಿನಲ್ಲೇ ಸೇರಿದೆ, ಕುಡಿಯುವ ನೀರೂ ಸೇರಿದೆ, ಬಣ್ಣದ ಪಾನೀಯಗಳಿಗೆ ಬೇರೆ ಹಣ. ಸಸ್ಯಾಹಾರಿಗಳಿಗೆ ತರಕಾರಿ ಬರ್ಗರ್, ಹುರಿದ ಆಲೂಗಡ್ಡೆ, ಸಲಾಡ್, ಹಣ್ಣು. ಮಕ್ಕಳಿಗೆ ಹಬ್ಬ, ನಮಗೆ ಹೊಟ್ಟೆ ತುಂಬಿದರೂ ಊಟ ಮಾಡಿದಂತಾಗುವುದಿಲ್ಲ. ನಾನು ಕಂಡುಕೊಂಡ ಉಪಾಯ ಬೇರೆ. ಹಡಗು ಅಲ್ಲೇ ಕಟ್ಟೆಯಲ್ಲಿ ನಿಂತಿರುತ್ತದೆ, ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. ಒಂದು ಗಂಟೆಗೆ ನಾವಿಬ್ಬರು ಹಡಗಿಗೆ ಮರಳಿದೆವು. ಎಲ್ಲರೂ ದ್ವೀಪದಲ್ಲಿ, ಹಡಗಿನ ಊಟದ ಮನೆ ಬಿಕೋ ಎನ್ನುತ್ತಿತ್ತು. ಅನ್ನ, ಬೇಳೆಯ ಸಾರಿನಂಥದ್ದು, ಮೊಸರು. ಹಿಂದಿನ ರಾತ್ರಿ ಊಟ ಬಡಿಸುವವರ ಮುಖ್ಯಸ್ಥನಿಗೆ ಹೇಳಿದರೆ ಭಾರತೀಯ ಸಸ್ಯಾಹಾರ ಮಾಡಿಸಿಕೊಡುತ್ತಾರೆ. ಕೋಣೆಯಲ್ಲಿ ಮುಕ್ಕಾಲು ಗಂಟೆ ಅಡ್ಡಾಗಿ, ಬಿಸಿಲಿನ ಕಡು ಹೊತ್ತು ಕಳೆದ ಮೇಲೆ ಮತ್ತೆ ಇಳಿದೆವು. ಸೊಸೆ ಕುರ್ಚಿ ಕಾಯುತ್ತಿದ್ದಳು, ನಾವು ಬಂದ ಮೇಲೆ ಅವಳು ಹೋದಳು. ಇಡೀ ದಿನವನ್ನು ದ್ವೀಪದಲ್ಲೇ ಕಳೆದರೆ ಮಾತ್ರ ದುಡ್ಡು ವಸೂಲಿ ಎಂಬ ಲೆಕ್ಕ ತಪ್ಪು.

ಮನೆಯ ತಿಂಡಿಯ ವಿಷಯ: ಮನೆಯಲ್ಲಿ ಮಾಡಿ ಡಬ್ಬಿಗೆ ತುಂಬಿದ್ದನ್ನು ಹಡಗಿಗೆ ಬಿಡುವುದಿಲ್ಲ. ಅಂಗಡಿಯ ಪೊಟ್ಟಣ, ಸೀಲ್ ಒಡೆಯದ್ದು ಆಗಬಹುದು. ನಾನು ಒಯ್ದದ್ದು ಕೋಡುಬಳೆ. ಉಪ್ಪು ನೀರಿನಿಂದ ಹೊರಬಂದ ಬಾಯಿಗೆ ಅದರಷ್ಟು ರುಚಿ ಇನ್ನೊಂದಿಲ್ಲ. ಓರಗಿತ್ತಿಗೆ ಇದನ್ನು ಮೂರು ಸಲ ಹೇಳಿದೆ, ಸೀಲ್ ಒಡೆಯಬೇಡ ಎಂದು.

ಚೀಲದಲ್ಲಿ ಹೆಚ್ಚೇನೂ ಬೇಡ. ಹಡಗಿನ ಕಾರ್ಡ್ ಇಲ್ಲದೆ ಮರಳಿ ಹತ್ತಿಸುವುದಿಲ್ಲ, ಅದನ್ನು ಕೊರಳಿಗೆ ಕಟ್ಟಿಕೊಂಡೆ. ಟವೆಲ್ ಹಡಗಿನವರದು, ಹಿಂದಿರುಗಿಸದಿದ್ದರೆ ಲೆಕ್ಕಕ್ಕೆ ಹಾಕುತ್ತಾರೆ. ಬಿಸಿಲಿನ ಕ್ರೀಮು ಎರಡು ಗಂಟೆಗೊಮ್ಮೆ, ಪಾದಕ್ಕೂ ಕಿವಿಗೂ ಸೇರಿಸಿ. ಹುಲ್ಲಿನ ಚೀಲ, ಬುಟ್ಟಿ ಮಾರುವ ಅಲ್ಲಿಯವರ ಅಂಗಡಿಗಳಿಗೆಂದು ಸ್ವಲ್ಪ ಚಿಲ್ಲರೆ ಡಾಲರ್. ಬಹಾಮಾಸ್‌ನ ಡಾಲರಿಗೂ ಅಮೆರಿಕದ್ದಕ್ಕೂ ಒಂದೇ ಬೆಲೆ, ಬದಲಾಯಿಸುವ ಗೋಜಿಲ್ಲ. ವೀಸಾ ಮಾತ್ರ ಹೊರಡುವ ಮೊದಲೇ ನೋಡಿಕೊಳ್ಳಬೇಕು. ಅಮೆರಿಕದಿಂದ ಹೊರಹೋಗಿ ಮತ್ತೆ ಒಳಬರುತ್ತೇವಾದ್ದರಿಂದ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸಲು ಬಿಡುವ ವೀಸಾ ಇರಬೇಕು.

ಚಳಿಗಾಲದಲ್ಲಿ ಗಾಳಿ ಜೋರಾದರೆ ಹಡಗು ಕಟ್ಟೆಗೆ ಬರಲಾಗದೆ ಮುಂದೆ ಹೋಗುವುದೂ ಉಂಟು. ಅದಕ್ಕೆ ಯಾರೂ ಏನೂ ಮಾಡಲಾಗದು. ಆ ದ್ವೀಪವೊಂದಕ್ಕೇ ಆಸೆ ಕಟ್ಟಿಕೊಂಡು ಹೋಗಬೇಡ ಎಂದು ಓರಗಿತ್ತಿಗೆ ಹೇಳಿದ್ದೇನೆ.

ಗಡಿಯಾರದ ಮಾತು ಬಿಟ್ಟೆ. ಯಜಮಾನರ ಕೈಯಲ್ಲಿರುವುದು ತುಮಕೂರಿನ ಕಾರ್ಖಾನೆಯಲ್ಲೇ ತಯಾರಾದ ಹಳೆಯ ಎಚ್‌ಎಂಟಿ. ಕೊಬ್ಬರಿಯ ಹರಾಜು ಎಷ್ಟು ಹೊತ್ತಿಗೆ ಎಂದು ತಿಳಿಯಲು ಅದನ್ನು ಊರಿನ ಸಮಯಕ್ಕೇ ಬಿಟ್ಟಿದ್ದರು. ಜನವರಿಯಲ್ಲಿ ನಮಗೂ ಅಲ್ಲಿಗೂ ಹತ್ತೂವರೆ ಗಂಟೆಯ ಅಂತರ. ಸಂಜೆ ನಾಲ್ಕೂವರೆಗೆ ಎಲ್ಲರೂ ಹಡಗಿನಲ್ಲಿರಬೇಕಿತ್ತು. ನಾಲ್ಕು ಗಂಟೆಗೆ ಮಗ ಕೂಗಿದರೆ ಇವರು ಜೋಲಿಯಲ್ಲಿ ಮಲಗಿಕೊಂಡೇ ಕೈ ಎತ್ತಿ, "ಇನ್ನೂ ಎರಡೂವರೆ" ಎಂದರು. ಅದು ಮಧ್ಯರಾತ್ರಿಯ ಎರಡೂವರೆ, ತಿಪಟೂರಿನಲ್ಲಿ. ತಡವಾದವರಿಗಾಗಿ ಹಡಗು ನಿಲ್ಲುವುದಿಲ್ಲ. ಹಡಗಿನ ಸಮಯ ತೋರಿಸುವ ಗಡಿಯಾರ ಒಬ್ಬರ ಕೈಯಲ್ಲಾದರೂ ಇರಲಿ, ಆ ಒಬ್ಬರು ನಿದ್ದೆ ಮಾಡದವರಾಗಿರಲಿ.

ಓರಗಿತ್ತಿ ಮೊನ್ನೆ ಹೊರಟಳು. ನನ್ನ ರಬ್ಬರ್ ಬೂಟು ಅವಳ ಕಾಲಿಗೆ ಸರಿಹೋಯಿತು. ಗುಬ್ಬಿಯಿಂದ ವಿಮಾನ ನಿಲ್ದಾಣಕ್ಕೆ ಕಾರು ಮಾಡಿಕೊಂಡು ಹೋದರು. ದಾರಿಯಲ್ಲಿ ಫೋನ್ ಮಾಡಿ, ನಾನು ಹೇಳಿದ್ದನ್ನೆಲ್ಲ ಒಪ್ಪಿಸಿದಳು: ಬೇಗ ಇಳಿಯುವುದು, ಕೊನೆಯ ತೀರ, ಪಾದಕ್ಕೆ ಕ್ರೀಮು, ಮಧ್ಯಾಹ್ನ ಹಡಗು. ಮಾತಿನ ನಡುವೆ ಏನೋ ಕಟಕಟ ಸದ್ದು. ಏನದು ಎಂದೆ. ಕೋಡುಬಳೆ. ಇನ್ನೂ ತುಮಕೂರು ದಾಟಿರಲಿಲ್ಲ.