ಕಸಿ ಹಿಡಿಯುವ ತನಕ: ಬೆನ್ನುಮೂಳೆಯ ಸ್ಕ್ರೂ ಮಾಡಿದ ನನ್ನ ಅನುಭವ

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಹನ್ನೆರಡು ವರ್ಷ ನಾನು ಮಾಡಿದ್ದು ದ್ವಿಚಕ್ರ ವಾಹನಗಳ ಬೋಲ್ಟು, ಪಿನ್ನು, ಬುಷ್‌ಗಳನ್ನು. ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುವವನೆಂಬ ಹಮ್ಮೂ ಇತ್ತು. ನಮ್ಮ ಮಾಲೀಕರು ಒಂದು ಸ್ಲೈಡಿಂಗ್ ಹೆಡ್ ಲೇತ್ ತರಿಸಿ, "ಬೆನ್ನುಮೂಳೆ ಬೆಸೆಯುವ ಶಸ್ತ್ರಚಿಕಿತ್ಸೆಯ ಸ್ಕ್ರೂಗಳನ್ನು ನಾವೇ ವಿನ್ಯಾಸ ಮಾಡೋಣ, ನೀನೇ ನೋಡಿಕೋ" ಎಂದಾಗ, ಇದೂ ಒಂದು ಬೋಲ್ಟು ತಾನೆ ಎಂದುಕೊಂಡೆ. ಆ ಮಾತನ್ನು ನುಂಗಿಕೊಳ್ಳಲು ಎರಡು ವರ್ಷ ಹಿಡಿಯಿತು.

ತಳಿಯಲ್ಲಿರುವ ನನ್ನ ಸೋದರಮಾವ ಗುಲಾಬಿಗೂ ಮಾವಿಗೂ ಕಸಿ ಕಟ್ಟುವವರು. ಹಬ್ಬಕ್ಕೆ ಹೋದಾಗ ಕೇಳಿದರು: "ಬೆನ್ನಿಗೆ ಸ್ಕ್ರೂ ಹಾಕುತ್ತಾರಂತಲ್ಲ, ಸಾಯುವವರೆಗೂ ಅದೇ ಹಿಡಿದುಕೊಂಡಿರುತ್ತದೆಯೇನೋ?" ಹೌದು ಮಾವ ಎಂದುಬಿಟ್ಟೆ. ಅದು ತಪ್ಪೆಂದು ತಿಳಿದದ್ದು ನಮಗೆ ಸಲಹೆ ಕೊಡುತ್ತಿದ್ದ ಶಸ್ತ್ರಚಿಕಿತ್ಸಕರ ಮುಂದೆ ನಕ್ಷೆ ಬಿಚ್ಚಿದ ದಿನ. "ನಿಮ್ಮ ಲೋಹ ಏನನ್ನೂ ಬೆಸೆಯುವುದಿಲ್ಲ. ಬೆಸೆಯುವುದು ನಾನು ಇಡುವ ಮೂಳೆಯ ಚೂರು. ಅದು ಎರಡು ಕಶೇರುಕಗಳ, ಅಂದರೆ ಬೆನ್ನುಮೂಳೆಯ ಎರಡು ಮಣಿಗಳ, ನಡುವೆ ಬೆಳೆದು ಒಂದಾಗಲು ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಜಾಗ ಅಲುಗಾಡದಂತೆ ನೋಡಿಕೊಳ್ಳಿ" ಎಂದರು. 1911ರಲ್ಲಿ ನ್ಯೂಯಾರ್ಕಿನಲ್ಲಿ ಹಿಬ್ಸ್ ಮತ್ತು ಆಲ್ಬೀ ಈ ಬೆಸುಗೆಯನ್ನು ಮಾಡಿದಾಗ ಲೋಹವೇ ಇರಲಿಲ್ಲ, ಬರೀ ಮೂಳೆ. ನಾವು ಮಾಡಹೊರಟ ಪೆಡಿಕಲ್ ಸ್ಕ್ರೂ ಬಂದದ್ದು ಅರ್ಧ ಶತಮಾನದ ನಂತರ, 1963ರಲ್ಲಿ, ಫ್ರಾನ್ಸಿನ ರಾಯ್-ಕಮೀಯ್ ಕೈಯಲ್ಲಿ.

ಕನ್ನಡದಲ್ಲಿ ಇದಕ್ಕೆ ಮೂಳೆ ಕಸಿ ಎನ್ನುತ್ತೇವೆ. ಆ ಪದವನ್ನು ನೂರು ಸಲ ಓದಿದ್ದರೂ ಮಾವನ ತೋಟದ ಕಸಿಯೇ ಅದು ಎಂದು ಹೊಳೆದಿರಲಿಲ್ಲ. ಕಟ್ಟಿದ ಜಾಗ ಅಲ್ಲಾಡಿದರೆ ಕಸಿ ಹಿಡಿಯುವುದಿಲ್ಲ. ಪಟ್ಟಿ ವಿಪರೀತ ಬಿಗಿಯಾದರೂ ಕೆಡುತ್ತದೆ. ಮೂಳೆಯೂ ಹಾಗೆಯೇ: ಭಾರ ಬಿದ್ದಲ್ಲಿ ಗಟ್ಟಿಯಾಗುತ್ತದೆ, ಭಾರವನ್ನೆಲ್ಲ ಲೋಹವೇ ಹೊತ್ತುಕೊಂಡರೆ ಸವೆಯುತ್ತದೆ. ಹಾಗಾಗಿ ಎಷ್ಟು ಸಾಧ್ಯವೋ ಅಷ್ಟು ಬಲವಾಗಿ ಮಾಡು ಎಂಬ ಬೋಲ್ಟಿನ ಧರ್ಮ ಇಲ್ಲಿ ನಡೆಯುವುದಿಲ್ಲ. ಸ್ಕ್ರೂಗಳನ್ನು ಒಂದಕ್ಕೊಂದು ಜೋಡಿಸುವ 5.5 ಮಿಲಿಮೀಟರ್ ರಾಡನ್ನು 6 ಮಾಡಿದರೆ ಹೆಚ್ಚಿದ್ದು ಅರ್ಧ ಮಿಲಿಮೀಟರ್ ಮಾತ್ರ. ಆದರೆ ಬಾಗದೆ ನಿಲ್ಲುವ ಬಿಗುವು ವ್ಯಾಸದ ನಾಲ್ಕನೆಯ ಘಾತದಂತೆ ಏರುವುದರಿಂದ ರಾಡು ಶೇ. 40ರಷ್ಟು ಹೆಚ್ಚು ಬಿರುಸಾಗುತ್ತದೆ. ನಾವು 5.5ರಲ್ಲಿಯೇ ಉಳಿದೆವು.

ಮೊದಲ ಸ್ಕ್ರೂವಿನಲ್ಲಿ ನಾನು ಮಾಡಿದ ತಪ್ಪು ಇದು. ಕಶೇರುಕದ ಹಿಂಬದಿಯಿಂದ ಮುಂಭಾಗಕ್ಕೆ ಹೋಗುವ ಮೂಳೆಯ ಕಿರಿದಾದ ಸೇತುವೆಯೇ ಪೆಡಿಕಲ್. ಅದರೊಳಗೆ ಸ್ಕ್ರೂ ಇಳಿಯಬೇಕು. ಹೊರಗೆ ಗಟ್ಟಿ ಚಿಪ್ಪು, ಒಳಗೆ ರಸ್ಕಿನಂಥ ಜಾಲರಿ. ರಸ್ಕಿನಲ್ಲಿ ಹಿಡಿತ ಬೇಕೆಂದು ಥ್ರೆಡ್ಡನ್ನು ಆಳವಾಗಿ ಕೊರೆದೆ, ಹೊರವ್ಯಾಸ 6.5, ಒಳತಿರುಳು 4 ಮಿಲಿಮೀಟರ್. ಎಳೆದು ಕೀಳುವ ಪರೀಕ್ಷೆಯಲ್ಲಿ ಅದು ಚೆನ್ನಾಗಿಯೇ ನಿಂತಿತು. ನಾನು ಬೀಗಿದೆ. ಆಮೇಲೆ ದಣಿವಿನ ಪರೀಕ್ಷೆಗೆ ಅತ್ತಿಬೆಲೆ ದಾಟಿ ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಕಳುಹಿಸಿದೆವು.

ಎಎಸ್‌ಟಿಎಂ ಎಫ್1717 ಎಂಬ ಆ ಪರೀಕ್ಷೆ ಬಹಳ ನಿಷ್ಠುರವಾದದ್ದು. ಕಶೇರುಕಗಳ ಬದಲು ಎರಡು ಪ್ಲಾಸ್ಟಿಕ್ ದಿಮ್ಮಿಗಳು, ನಡುವೆ ದೊಡ್ಡ ಖಾಲಿ ಜಾಗ. ಒಂದು ಕಶೇರುಕವನ್ನೇ ತೆಗೆದುಹಾಕಿದ ಸ್ಥಿತಿ ಅದು. ಭಾರ ಹಂಚಿಕೊಳ್ಳಲು ಮೂಳೆಯ ಚೂರೂ ಇಲ್ಲ, ಕಸಿ ಎಂದೂ ಹಿಡಿಯದ ರೋಗಿ ಎಂದುಕೊಳ್ಳಿ. ಅದನ್ನು 50 ಲಕ್ಷ ಸಲ ಬಗ್ಗಿಸಿ ಬಿಡುತ್ತಾರೆ. ಸೆಕೆಂಡಿಗೆ ಐದರಂತೆ ಹಗಲೂ ರಾತ್ರಿ ಓಡಿಸಿದರೂ ಒಂದು ಮಾದರಿಗೆ ಹನ್ನೊಂದೂವರೆ ದಿನ. ನನ್ನದು ಎರಡನೆಯ ದಿನದ ರಾತ್ರಿಯೇ ಮುರಿಯಿತು, ತಲೆಯ ಕೆಳಗೆ, ಮೊದಲ ಥ್ರೆಡ್ಡಿನ ಬುಡದಲ್ಲಿ. ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದರೆ ಅಲೆ ಅಲೆಯಾದ ಗೆರೆಗಳು, ಎಲ್ಲವೂ ಒಂದೇ ಬಿಂದುವಿನಿಂದ ಹೊರಟಿದ್ದವು. ಅಲ್ಲಿ ಉಳಿಯ ಗೀರು ಇತ್ತು. ನಮ್ಮ ಸ್ಕ್ರೂವಿನ ಲೋಹವಾದ ಟೈಟಾನಿಯಂ ಬಲಶಾಲಿ, ಆದರೆ ಗೀರನ್ನು ಕ್ಷಮಿಸುವುದಿಲ್ಲ. ರಾಡನ್ನು ಒಮ್ಮೆ ಬಗ್ಗಿಸಿ ಮತ್ತೆ ನೇರ ಮಾಡಬೇಡಿ ಎಂದು ಕೈಪಿಡಿಗಳಲ್ಲಿ ಬರೆದಿರುವುದೂ ಇದೇ ಕಾರಣಕ್ಕೆ.

ಪರಿಹಾರ ಕಾಗದದ ಮೇಲೆ ಸುಲಭ. ಹೊರವ್ಯಾಸವನ್ನು ಮುಟ್ಟದೆ ತಿರುಳನ್ನು ಶಂಕುವಿನಂತೆ ಮಾಡಿದೆವು, ತುದಿಯಲ್ಲಿ ಸಣ್ಣದು, ತಲೆಯ ಕಡೆಗೆ ದಪ್ಪ. ಬಾಗಿಸಿದಾಗ ಮುರಿಯದೆ ತಡೆಯುವ ಬಲ ವ್ಯಾಸದ ಘನದಂತೆ ಏರುತ್ತದೆ. 4 ಮಿಲಿಮೀಟರ್ ಇದ್ದದ್ದು 4.4 ಆದಾಗ ಮೂರನೇ ಒಂದು ಭಾಗ ಹೆಚ್ಚಿತು. ಥ್ರೆಡ್ಡಿನ ಬುಡಕ್ಕೆ ದುಂಡು ಕೊಟ್ಟೆವು. ಲೋಹದ ಬಾರನ್ನು ಸುತ್ತುವರಿದು ತಿರುಗುವ ಉಂಗುರದ ಒಳಬದಿಯಲ್ಲಿ ಹಲ್ಲುಗಳಿರುವ ವರ್ಲಿಂಗ್ ಎಂಬ ವಿಧಾನದಲ್ಲಿ ಇಡೀ ಆಳವನ್ನು ಒಂದೇ ಓಟದಲ್ಲಿ ಕೊರೆಯತೊಡಗಿದ ಮೇಲೆ ಗೀರಿನ ಕಾಟವೂ ತಪ್ಪಿತು. ಶಂಕುವಿನ ತಿರುಳಿಗೆ ಒಂದು ದುರ್ಗುಣವಿದೆ: ಹೆಚ್ಚು ಇಳಿಯಿತೆಂದು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದರೆ ಹಿಡಿತ ಸಡಿಲವಾಗಬಹುದು. ಇದನ್ನು ವೈದ್ಯರಿಗೆ ಮೊದಲೇ ಹೇಳಿದೆವು. ಮುಚ್ಚಿಡುವ ವಿಷಯವಲ್ಲ.

ಸ್ಕ್ರೂವಿನ ಮೇಲ್ಭಾಗದಲ್ಲಿ ಎತ್ತ ಬೇಕಾದರೂ ವಾಲುವ, ರಾಡು ಕೂರುವ ತಲೆ ಇರುತ್ತದೆ. ಅದಕ್ಕೆ ಟ್ಯುಲಿಪ್ ಎಂದು ಹೆಸರು. ಗುಲಾಬಿಯ ಊರಾದ ಹೊಸೂರಿನಲ್ಲಿ ಆ ಹೂವನ್ನು ಕಣ್ಣಾರೆ ಕಂಡವರು ನಮ್ಮ ಶಾಪಿನಲ್ಲಿ ಯಾರೂ ಇರಲಿಲ್ಲ. ಹಿರಿಯ ಟರ್ನರ್ ಅದನ್ನು ಕವೆ ಎಂದರು, ಹೆಸರು ನಿಂತುಬಿಟ್ಟಿತು. ಕವೆಯ ಎರಡು ತೋಳುಗಳ ನಡುವೆ ರಾಡು, ಅದರ ಮೇಲೆ ರಾಡನ್ನು ಒತ್ತಿ ಹಿಡಿಯುವ ಸೆಟ್ ಸ್ಕ್ರೂ. ಮಾಮೂಲಿ ಇಳಿಜಾರಿನ ಥ್ರೆಡ್ ಹಾಕಿ ಬಿಗಿದರೆ ಅದು ಕೆಳಗೆ ಒತ್ತುವುದರ ಜೊತೆಗೆ ತೋಳುಗಳನ್ನು ಹೊರಕ್ಕೂ ತಳ್ಳುತ್ತದೆ. ತೋಳು ಅಗಲಿತೆಂದರೆ ಸೆಟ್ ಸ್ಕ್ರೂ ವಾಲಿ, ಥ್ರೆಡ್ ತಪ್ಪಿ, ಸಿಕ್ಕಿಹಾಕಿಕೊಳ್ಳುತ್ತದೆ. ನಾವು ಮೊದಲು ತೋಳುಗಳನ್ನು ದಪ್ಪ ಮಾಡಿದೆವು. ವೈದ್ಯರು ಅದನ್ನು ಬೆರಳಿನಲ್ಲಿ ಹಿಡಿದು, "ತೆಳ್ಳನೆಯವರ ಬೆನ್ನಿನಲ್ಲಿ ಇದು ಚರ್ಮದ ಕೆಳಗೆ ಗಂಟಿನಂತೆ ಕೈಗೆ ಸಿಗುತ್ತದೆ, ಮಲಗಲೂ ಆಗುವುದಿಲ್ಲ" ಎಂದು ವಾಪಸು ಕೊಟ್ಟರು. ಕೊನೆಗೆ ಥ್ರೆಡ್ಡಿನ ಮುಖವನ್ನೇ ಹಿಮ್ಮುಖವಾಗಿ ಓರೆ ಮಾಡಿದೆವು. ಈಗ ಬಿಗಿದಷ್ಟೂ ಅದು ತೋಳುಗಳನ್ನು ಒಳಕ್ಕೆ ಸೆಳೆಯುತ್ತದೆ. ಈ ಉಪಾಯ ನನ್ನದಲ್ಲ, ಉದ್ಯಮದಲ್ಲಿ ಹಳೆಯದು. ಆದರೆ ಆ ಓರೆಯನ್ನು ಅಳೆಯುವ ಗೇಜನ್ನು ನಾವೇ ಮಾಡಿಕೊಂಡೆವು, ಅದೊಂದೇ ಕೆಲಸಕ್ಕೆ ಮೂರು ತಿಂಗಳು ಹೋಯಿತು.

ನನ್ನನ್ನು ಕೇಳಿದರೆ ಸ್ಕ್ರೂವಿಗಿಂತ ಹೆಚ್ಚು ಕಾಡಿದ್ದು ಸ್ಕ್ರೂಡ್ರೈವರು. ಪ್ಲಾಸ್ಟಿಕ್ ಬೆನ್ನುಮೂಳೆಯ ಮಾದರಿಯ ಮೇಲೆ ಅಭ್ಯಾಸ ಇಟ್ಟುಕೊಂಡಿದ್ದೆವು. ವೈದ್ಯರು ಕೈಗವಸು ತೊಟ್ಟು, ಅದಕ್ಕೆ ಸೋಪಿನ ನೀರು ಸವರಿಕೊಂಡು ಬಂದರು, ರಕ್ತದಲ್ಲಿ ಕೈ ಹೀಗೇ ಜಾರುತ್ತದೆ ಎಂದು ತೋರಿಸಲು. ಸೆಟ್ ಸ್ಕ್ರೂ ಡ್ರೈವರಿನ ತುದಿಯಿಂದ ಕಳಚಿ ಮೇಜಿನ ಕೆಳಗೆ ಉರುಳಿತು. "ಇದು ಒಳಗೆ ಬಿದ್ದರೆ ಹುಡುಕಲು ನೀವು ಬರುತ್ತೀರಾ?" ಎಂದು ಕೇಳಿದರು. ಯಾರೂ ನಗಲಿಲ್ಲ. ತುದಿಗೆ ಕಣ್ಣಿಗೆ ಕಾಣದಷ್ಟು ಓರೆ ಕೊಟ್ಟು ಸೆಟ್ ಸ್ಕ್ರೂ ಕಚ್ಚಿಕೊಂಡು ನಿಲ್ಲುವಂತೆ ಮಾಡಿದೆವು, ಮೊದಲ ಥ್ರೆಡ್ಡಿನ ಚೂಪು ಅಂಚನ್ನು ಕತ್ತರಿಸಿದೆವು. ಕೊನೆಯ ಬಿಗಿತಕ್ಕೆ ಕವೆಯನ್ನು ಹೊರಗಿನಿಂದ ತಬ್ಬಿ ಹಿಡಿಯುವ ಇನ್ನೊಂದು ಉಪಕರಣ ಬೇಕೇ ಬೇಕು. ಇಲ್ಲದಿದ್ದರೆ ಕೈಯ ತಿರುಚು ನೇರ ರೋಗಿಯ ಮೂಳೆಗೆ ಹೋಗುತ್ತದೆ.

ಕಾಗದಪತ್ರದ ಕಥೆ ಬೇಡ. 2017ರ ವೈದ್ಯಕೀಯ ಸಾಧನಗಳ ನಿಯಮಗಳ ಪ್ರಕಾರ ಇವು ಸಿ ವರ್ಗದ ಸಾಧನಗಳು, ಪರವಾನಗಿ ಕೇಂದ್ರ ಸರ್ಕಾರದಿಂದಲೇ ಬರಬೇಕು. ಕಪಾಟು ತುಂಬಿತು ಎಂದರೆ ಸಾಕು.

ಕಶೇರುಕಗಳ ನಡುವಿನ ಮೆತ್ತೆಯಾದ ಡಿಸ್ಕ್ ತೆಗೆದ ಜಾಗದಲ್ಲಿ ಇಡುವ ಕೇಜನ್ನು ಆಮೇಲೆ ಮಾಡಿದೆವು. ಅದರ ಪೂರ್ವಜನ ಮೇಲೆ ನನಗೆ ವಿಶೇಷ ಪ್ರೀತಿ: ಅಮೆರಿಕದ ಬ್ಯಾಗ್ಬಿ ಎಂಬ ವೈದ್ಯರು ಕತ್ತಿನ ನರ ಒತ್ತಿ ತಡವರಿಸುವ ಕುದುರೆಗಳಿಗಾಗಿ ಮಾಡಿದ ಉಕ್ಕಿನ ಬುಟ್ಟಿ. ನಮ್ಮದು ಪೀಕ್ ಎಂಬ ಪ್ಲಾಸ್ಟಿಕ್. ಟೈಟಾನಿಯಂನ ಬಿಗುವು ಸುಮಾರು 110 ಗಿಗಾಪಾಸ್ಕಲ್, ಪೀಕ್‌ನದು 4ಕ್ಕಿಂತ ಕಡಿಮೆ, ಹಾಗಾಗಿ ಭಾರ ಮೂಳೆಗೂ ತಲುಪುತ್ತದೆ. ಮೂಳೆ ತುಂಬುವ ಕಿಂಡಿ ದೊಡ್ಡದಿದ್ದಷ್ಟು ಕಸಿಗೆ ಒಳ್ಳೆಯದು. ಆದರೆ ಕಿಂಡಿ ಹಿಗ್ಗಿದಂತೆ ಗೋಡೆ ತೆಳುವಾಗಿ ಕೇಜು ಕಶೇರುಕದೊಳಕ್ಕೆ ಕುಸಿಯುತ್ತದೆ. ಎಷ್ಟು ಸಲ ಈ ಗೆರೆಯನ್ನು ಅಳಿಸಿ ಬರೆದೆನೋ. ಪೀಕ್ ಎಕ್ಸ್-ರೇಯಲ್ಲಿ ಕಾಣಿಸದ ಕಾರಣ ಗುರುತಿಗೆ ಟ್ಯಾಂಟಲಮ್ ಕಡ್ಡಿಗಳನ್ನು ಕೂರಿಸುತ್ತೇವೆ. ಒಬ್ಬ ರೋಗಿಯ ವರ್ಷದ ನಂತರದ ಸಿಟಿ ಸ್ಕ್ಯಾನನ್ನು ಹೆಸರು ಮರೆಮಾಡಿ ವೈದ್ಯರು ತೋರಿಸಿದಾಗ ನನ್ನ ಕಣ್ಣು ಸ್ಕ್ರೂಗಳ ಮೇಲೆಯೇ ಇತ್ತು. ಅವರು ಪೆನ್ನಿನಿಂದ ಟ್ಯಾಂಟಲಮ್ ಚುಕ್ಕೆಗಳ ನಡುವಿನ ಬಿಳಿ ಪಟ್ಟಿಯನ್ನು ತೋರಿಸಿದರು. ಮೇಲಿನ ಕಶೇರುಕದಿಂದ ಕೆಳಗಿನದಕ್ಕೆ ಕಡಿಯದೆ ಇಳಿದಿತ್ತು.

ಈಗ ಮೇಜಿನ ಮೇಲಿರುವುದು ಬಣ್ಣದ ತಕರಾರು. ಟೈಟಾನಿಯಂ ಸ್ಕ್ರೂಗಳಿಗೆ ನಾವು ಬಣ್ಣ ಬಳಿಯುವುದಿಲ್ಲ. ವಿದ್ಯುತ್ ಹರಿಸಿದಾಗ ಮೇಲೆ ಬೆಳೆಯುವ ಆಕ್ಸೈಡ್ ಪೊರೆಯ ದಪ್ಪವೇ ಬೆಳಕಿನಲ್ಲಿ ಬಣ್ಣವಾಗಿ ಕಾಣುತ್ತದೆ. ವೋಲ್ಟೇಜ್ ಏರಿದಂತೆ ಕಂದು, ನೀಲಿ, ಹಳದಿ, ಕೆನ್ನೇರಳೆ, ಹಸಿರು. ಅಳತೆಗೊಂದು ಬಣ್ಣ ಕೊಟ್ಟಿದ್ದೆವು. ನಮ್ಮ ಟ್ಯೂಬ್‌ಲೈಟಿನ ಕೆಳಗೆ ಬೇರೆ ಬೇರೆಯಾಗಿ ಕಾಣುವ 5.5 ಮತ್ತು 6.5 ಮಿಲಿಮೀಟರ್ ಸ್ಕ್ರೂಗಳ ಎರಡು ಬಣ್ಣಗಳು ಶಸ್ತ್ರಚಿಕಿತ್ಸಾ ಕೊಠಡಿಯ ದೀಪದಲ್ಲಿ ಒಂದೇ ತರಹ ಕಾಣುತ್ತವೆ ಎಂದು ಅಲ್ಲಿನ ನರ್ಸ್ ಒಬ್ಬರು ಹೇಳಿ ಕಳುಹಿಸಿದ್ದಾರೆ. ಸೋಮವಾರ ಹೋಗಿ ಆ ದೀಪದ ಕೆಳಗೇ ನೋಡಬೇಕು.