ಚೊಚ್ಚಲ ಗಿಡ್ಡಿ ಸೊರ ಬಿಡುವಂತೆ ಪಳಗಿಸುವುದು: ನನ್ನ ಅನುಭವ

ನಮ್ಮ ಕಡೆಯ ನಾಟಿ ತಳಿ ಮಲೆನಾಡು ಗಿಡ್ಡದ ಹಾಲು ದಿನಕ್ಕೆ ಒಂದೆರಡು ಲೀಟರ್, ಮೇವು ಚೆನ್ನಾಗಿದ್ದರೆ ಮೂರು. ಅಷ್ಟನ್ನೂ ಕೊಡುವುದು ಬಿಡುವುದು ಅದರ ಮರ್ಜಿ. ಮಿಶ್ರತಳಿ ಜರ್ಸಿಯ ಕೆಚ್ಚಲಿನ ಬುಡದಲ್ಲಿ ಒಂದಷ್ಟು ಹಾಲು ಮೊದಲೇ ಇಳಿದು ನಿಂತಿರುತ್ತದೆ, ದನ ಮುನಿಸಿಕೊಂಡರೂ ಅಷ್ಟಾದರೂ ಸಿಗುತ್ತದೆ. ನಾಟಿ ದನದಲ್ಲಿ ಬಹುಪಾಲು ಹಾಲು ಮೇಲಿನ ಸಣ್ಣ ಕೋಶಗಳಲ್ಲೇ ಉಳಿದಿರುತ್ತದೆ. ಕರು ಚೀಪಿದಾಗ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನ್ ಹೊರಟು, ಒಂದು ನಿಮಿಷದ ಆಸುಪಾಸಿನಲ್ಲಿ ಕೆಚ್ಚಲಿಗೆ ಬಂದು ಆ ಕೋಶಗಳನ್ನು ಹಿಂಡುತ್ತದೆ. ಆಗ ದನ ಸೊರ ಬಿಡುತ್ತದೆ, ಅಂದರೆ ಹಾಲು ಇಳಿಸುತ್ತದೆ. ಇದರ ಪ್ರಭಾವ ಇರುವುದು ಐದರಿಂದ ಎಂಟು ನಿಮಿಷ. ನಡುವೆ ದನ ಬೆದರಿತೋ, ಹೆದರಿಕೆಯ ಹಾರ್ಮೋನ್ ಅಡ್ರಿನಲಿನ್ ಏರಿ ಎಲ್ಲ ಅಲ್ಲಿಗೇ ನಿಂತಿತು. ಹಾಗಾಗಿ ಚೊಚ್ಚಲ ಕಡಸಿನ ಪಾಠವನ್ನು ನಾನು ಗಬ್ಬ ಏಳು ತಿಂಗಳಾದಾಗಲೇ ಶುರು ಮಾಡುತ್ತೇನೆ.

ಮೊದಲ ಹದಿನೈದು ದಿನ ಕೆಚ್ಚಲ ಕಡೆ ಕೈ ಹಾಕುವುದೇ ಇಲ್ಲ. ಸಂಜೆ ಬ್ಯಾಣದಿಂದ (ಹುಲ್ಲುಗಾವಲಿನಿಂದ) ಬಂದ ಮೇಲೆ ಕಲಗಚ್ಚು ಇಟ್ಟು, ಅದು ಕುಡಿಯುವಾಗ ಗಂಗೆದೊಗಲು (ಕುತ್ತಿಗೆಯಡಿ ಜೋಲುವ ಚರ್ಮ) ಮತ್ತು ಕಿವಿಯ ಬುಡ ಸವರುತ್ತೇನೆ. ದನಗಳು ಒಂದನ್ನೊಂದು ಹೆಚ್ಚಾಗಿ ನೆಕ್ಕುವುದು ತಲೆ, ಕುತ್ತಿಗೆಯ ಭಾಗವನ್ನೇ. ಬೆನ್ನು ತಟ್ಟುವುದು ನಮಗೆ ಪ್ರೀತಿ, ಅದಕ್ಕಲ್ಲ. ವಿಯೆನ್ನಾದ ಪಶುವೈದ್ಯ ವಿಶ್ವವಿದ್ಯಾಲಯದವರು ಮೈಯ ಬೇರೆ ಬೇರೆ ಕಡೆ ಸವರಿ ನೋಡಿದಾಗಲೂ, ಕುತ್ತಿಗೆಯ ಅಡಿ ಸವರಿದರೇ ದನ ಹೆಚ್ಚು ಹೊತ್ತು ಕತ್ತು ಚಾಚಿ ಕಿವಿ ಜೋಲು ಬಿಟ್ಟಿತ್ತು. ಸವರುವ ಜೊತೆಗೆ ಉಣುಗು ಕೀಳುವವರು, ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ದಿನಗಳಲ್ಲಿ, ಅಂದರೆ ನವೆಂಬರಿನಿಂದ ಮೇ ತನಕ, ಬರಿಗೈಯಲ್ಲಿ ಕೀಳಬೇಡಿ.

ಆಮೇಲೆ ಕೈ ಪಕ್ಕೆಗೆ, ಹೊಟ್ಟೆಗೆ, ತೊಡೆಗೆ, ಕೊನೆಗೆ ಕೆಚ್ಚಲಿಗೆ. ಅಂಗೈಗಿಂತ ಅದರ ಹಿಂಬದಿ ಒಳ್ಳೆಯದು, ಹಿಡಿದಂತೆ ಅನ್ನಿಸುವುದಿಲ್ಲ. ಎಲ್ಲರೂ ಎಡವುವುದು ಇಲ್ಲಿ: ಕಾಲೆತ್ತಿದ ಕೂಡಲೇ ಕೈ ತೆಗೆಯುತ್ತಾರೆ. ಒದ್ದರೆ ಕೈ ಹೋಗುತ್ತದೆ ಎಂಬುದನ್ನು ಕಡಸು ಒಂದೆರಡು ಸಲದಲ್ಲೇ ಕಲಿತುಬಿಡುತ್ತದೆ, ಮತ್ತೆ ಮರೆಸುವುದು ಕಷ್ಟ. ಕಾಲೆತ್ತಿದಾಗ ಕೈಯನ್ನು ತೊಡೆಗೆ ಸರಿಸಿ ಅಲ್ಲೇ ಇಡಿ. ಕಾಲು ಊರಿ ಸುಮ್ಮನೆ ನಿಂತ ಮೇಲೆ ತೆಗೆಯಿರಿ. ಆಗ ಸುಮ್ಮನಿದ್ದರೆ ಕೈ ಹೋಗುತ್ತದೆ ಎಂದು ಕಲಿಯುತ್ತದೆ. ಎರಡೂ ಮಗ್ಗುಲಿಂದ ಅಭ್ಯಾಸ ಬೇಕು. ಎಡಕ್ಕೆ ಒಗ್ಗಿದ್ದು ಬಲಕ್ಕೆ ಬೆಚ್ಚುವುದುಂಟು. ಮೊಲೆ ಮುಟ್ಟಬಹುದು, ಹಿಂಡಬಾರದು. ಕರು ಹಾಕುವ ಮುಂಚೆ ಹಿಂಡಿದರೆ ಮೊಲೆಯ ತುದಿ ತೆರೆದುಕೊಂಡು ಕೆಚ್ಚಲು ಬಾವಿಗೆ ದಾರಿಯಾಗುತ್ತದೆ.

ಒದೆತ ಹೇಳದೆ ಕೇಳದೆ ಬರುವುದಿಲ್ಲ. ಮೊದಲು ಮೆಲುಕು ನಿಲ್ಲುತ್ತದೆ. ಜೋಲು ಬಿದ್ದಿದ್ದ ಕಿವಿ ನೆಟ್ಟಗಾಗಿ ನಿಮ್ಮ ಕಡೆ ತಿರುಗುತ್ತದೆ, ಕಣ್ಣಿನ ಬಿಳಿ ಕಾಣುತ್ತದೆ, ಮೈಭಾರ ಆಚೆ ಕಾಲಿಗೆ ಹೋಗುತ್ತದೆ. ಮೆಲುಕು ನಿಂತಾಗಲೇ ಕೈ ನಿಧಾನ ಮಾಡಿದರೆ ಉಳಿದದ್ದು ಬರುವುದೇ ಅಪರೂಪ. ನೊಣವಿಲ್ಲದೆ ಬಾಲ ಬೀಸುತ್ತಿದ್ದರೆ ಕಿರಿಕಿರಿ, ಬಾಲ ಒಳಗೆ ಒತ್ತಿ ತೆಳ್ಳಗೆ ಸಗಣಿ ಹಾಕಿದರೆ ಹೆದರಿಕೆ.

ಮಳೆಗಾಲದ ಕತ್ತಲೆ ಕೊಟ್ಟಿಗೆಗೆ ಹೆಡ್‌ಟಾರ್ಚ್ ಕಟ್ಟಿಕೊಂಡು ಹೋಗಬೇಡಿ. ನಿಮ್ಮ ತಲೆ ಆಡಿದಂತೆ ಗೋಡೆಯ ಮೇಲೆ ನೆರಳು ಓಡುತ್ತದೆ. ದನದ ಕಣ್ಣು ಬೆಳಕಿಗೆ ಹೊಂದಿಕೊಳ್ಳುವುದು ನಿಧಾನ, ಆಳ ಅಳೆಯುವುದರಲ್ಲೂ ಅಷ್ಟಕ್ಕಷ್ಟೆ. ಒಂದೇ ಕಡೆ ನಿಲ್ಲುವ ಬಲ್ಬು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಹೋಗಿ. ಬೆನ್ನ ನೇರಕ್ಕೆ ಹಿಂದಿರುವುದು ಅದಕ್ಕೆ ಕಾಣುವುದಿಲ್ಲ. ಹಿಂದಿನಿಂದ ಬರುವುದಾದರೆ ಮಾತಾಡುತ್ತಾ ಬನ್ನಿ. ಹಾಲಿನ ಪಾತ್ರೆಯ ಠಣ್ ಸದ್ದೂ ಮೊದಲಿನಿಂದಲೇ ಪರಿಚಯವಾಗಲಿ, ಕೀರಲು ಸದ್ದು ದನಕ್ಕೆ ನಮಗಿಂತ ಹೆಚ್ಚು ಕೇಳುತ್ತದೆ.

ಕರು ಹಾಕಿದ ಮೇಲೆ ಮೊದಲ ಗಂಟೆ ತಾಯಿಗೆ ಬಿಟ್ಟುಬಿಡಿ. ನೆಕ್ಕುತ್ತಲೇ ಅದು ಕರುವಿನ ವಾಸನೆ ಗುರುತು ಮಾಡಿಕೊಳ್ಳುತ್ತದೆ. ಗಿಣ್ಣು ಮೊದಲು ಕರುವಿಗೆ, ಆಮೇಲೆ ನಮ್ಮ ಬಾಯಿಚಪಲ. ಕರೆಯುವ ದಿನ ಬಂದಾಗ ಕರು ಒಂದು ನಿಮಿಷ ಚೀಪಲಿ. ಮೊಲೆ ತುಂಬಿ ಬಿಗಿಯಾಗಿ ಕರುವಿನ ಬಾಯಂಚಿನಲ್ಲಿ ನೊರೆ ಕಂಡರೆ ಸೊರ ಬಿಟ್ಟಿದೆ. ಕರುವನ್ನು ಎಳೆದು ತಾಯಿಯ ಮೂತಿಯ ಮುಂದೆ, ನೆಕ್ಕಲು ಸಿಗುವಷ್ಟು ಹತ್ತಿರ ಕಟ್ಟಿ. ಹಿಂದೆ ಕಟ್ಟಿದರೆ ತಿರುಗಿ ತಿರುಗಿ ನೋಡುತ್ತಾ ಸೊರ ಏರಿಸಿಕೊಳ್ಳುತ್ತದೆ. ಮೊಲೆ ಒರೆಸಿ, ಐದು ನಿಮಿಷದೊಳಗೆ ಎರಡು ಮೊಲೆ ಮುಗಿಸಿ, ಉಳಿದೆರಡು ಕರುವಿಗೆ.

ಹೆಸರಿಟ್ಟು ಕರೆದರೆ ಹಾಲು ಹೆಚ್ಚುತ್ತದೆ ಎಂಬ ಮಾತಿಗೆ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ 2009ರ ಅಧ್ಯಯನವನ್ನು ತೋರಿಸುತ್ತಾರೆ: ಹೆಸರಿಟ್ಟವರ ದನ ಒಂದು ಸೂಲಿಗೆ 258 ಲೀಟರ್ ಹೆಚ್ಚು ಕೊಟ್ಟಿತ್ತು. ಕೌಲೆ, ಕಪಿಲೆ ಅಂದ ಮಾತ್ರಕ್ಕೆ ಹಾಲು ಬರುವುದಿಲ್ಲ. ಹೆಸರಿಡುವವರು ಬಡಿಯುವುದೂ ಕಡಿಮೆ ಅನ್ನುವುದು ನನ್ನ ಲೆಕ್ಕ.

ಇಂಜೆಕ್ಷನ್, ಕಿವಿ ಓಲೆ, ಔಷಧಿ ಕುಡಿಸುವುದು ಯಾವುದೂ ಕರೆಯುವ ಜಾಗದಲ್ಲಿ ಬೇಡ. ದನ ನೋವನ್ನು ಆ ಜಾಗಕ್ಕೂ ಆ ಮನುಷ್ಯನಿಗೂ ಅಂಟಿಸಿಕೊಳ್ಳುತ್ತದೆ. ಅಂಗಳದಲ್ಲಿ ಕಟ್ಟಿಸಿ, ಹಿಡಿದುಕೊಳ್ಳುವವರು ಕರೆಯುವವರಲ್ಲದೆ ಬೇರೆಯವರಿರಲಿ. ದನ ಜನರನ್ನು ಮುಖ, ಎತ್ತರಗಳಿಂದಲೂ ಗುರುತಿಸುತ್ತದೆ. ಕರೆಯುವ ಕೈ ಬದಲಾಗಬೇಕಾದರೆ ಹೊಸಬರೇ ಒಂದು ವಾರ ಮುಂಚಿನಿಂದ ಕಲಗಚ್ಚು ಇಡಲಿ. ದೀಪಾವಳಿಯ ಗೋಪೂಜೆ ದಿನ ಪಟಾಕಿ ಶುರುವಾಗುವ ಮುಂಚೆಯೇ ಕರೆದು ಮುಗಿಸಿ.

ಕರು ಸತ್ತರೆ ಕೆಲವರು ಆಕ್ಸಿಟೋಸಿನ್ ಚುಚ್ಚುತ್ತಾರೆ. ಹಾಲಿಗಾಗಿ ದನದ ಆರೋಗ್ಯಕ್ಕೆ ಕೇಡಾಗುವ ಇಂಜೆಕ್ಷನ್ ಕೊಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಗಬ್ಬವಿದ್ದಾಗಲೇ ಕೈಗೆ ಒಗ್ಗಿಸಿದ ದನವಾದರೆ ಉಗುರುಬೆಚ್ಚನೆ ನೀರಿನ ಬಟ್ಟೆಯಿಂದ ಕೆಚ್ಚಲು ಒತ್ತಿ, ಅದೇ ಹೊತ್ತಿಗೆ ಬೂಸಾ ಇಟ್ಟು, ಅವಸರ ಮಾಡದೆ ಒಂದೆರಡು ನಿಮಿಷ ಮೊಲೆ ನೀವಿದರೆ ಎಷ್ಟೋ ಸಲ ಕೆಲವು ದಿನಗಳಲ್ಲಿ ಸೊರ ಬಿಡುತ್ತದೆ. ಬಿಡದಿದ್ದರೆ ಮೇವು ಕಡಿಮೆ ಮಾಡಿ ಹಾಲು ಬತ್ತಿಸಿ, ಮುಂದಿನ ಸೂಲಿಗೆ ಕಾಯಿರಿ.