ಶರಣಮ್ಮನ ಹಿಂದೆ ಎಂಟು ವಿಮಾನ

ನಾನು ಬೀದರಿನ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ನಮ್ಮ ಮಕ್ಕಳಿಗೆ ಜೆಟ್ ಸದ್ದು ಹೊಸದಲ್ಲ. ಆಕಾಶದಲ್ಲಿ ವಿಮಾನ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ಶುರುವಾದದ್ದೇ ಇಲ್ಲಿಯ ವಾಯುನೆಲೆಯಲ್ಲಿ. ಒಂಬತ್ತು ಹಾಕ್ ವಿಮಾನ ಜೊತೆಯಾಗಿ ಬಂದರೆ ಪಾಠ ಬಿಟ್ಟು ಎಲ್ಲರೂ ಕಿಟಕಿಗೆ ಓಡುತ್ತೇವೆ. ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ದೇಶದ ಮೊದಲ ಮಹಿಳಾ ಫೈಟರ್ ಪೈಲಟ್‌ಗಳು. 2016ರಲ್ಲಿ ವಾಯುಪಡೆ ಸೇರಿದ ಮೇಲೆ ಅವರು ಹಾಕ್ ಹಾರಿಸಲು ಕಲಿತದ್ದೂ ಇಲ್ಲೇ. ಅಂದಮೇಲೆ ಈ ಮಕ್ಕಳಿಗಾಗಿ ನಾನು ಬರೆಯುವ ಕಾಮಿಕ್ಸಿನ ಸೂಪರ್ ಹೀರೋ ಬೇರೆ ಎಲ್ಲಿಂದಲೋ ಯಾಕೆ ಬರಬೇಕು? ಹಾಗೆ ಹುಟ್ಟಿದವಳು ವಿಂಗ್ ಕಮಾಂಡರ್ ಶರಣಮ್ಮ.

ಮೊದಲು ಸ್ಕ್ವಾಡ್ರನ್ ಲೀಡರ್ ಅಂತ ಬರೆದಿದ್ದೆ. ಆಮೇಲೆ ಗೊತ್ತಾಯಿತು, ಅದು ಒಂದು ದರ್ಜೆಯ ಹೆಸರು ಅಷ್ಟೇ. ಸ್ಕ್ವಾಡ್ರನ್ ನಡೆಸುವವರು ಅದಕ್ಕಿಂತ ಮೇಲಿನವರು.

ಶರಣಮ್ಮ ಅಂಗೈ ಚಾಚಿದರೆ ಬಿರುಗಾಳಿ ನಿಲ್ಲುತ್ತದೆ. 24 ಪುಟ ಪೆನ್ಸಿಲ್‌ನಲ್ಲಿ ಬರೆದು ಏಳನೇ ತರಗತಿಗೆ ತೋರಿಸಿದೆ. ಒಬ್ಬ ಹುಡುಗಿ ಕೊನೆಯವರೆಗೂ ಓದಿ ಕೇಳಿದಳು: "ಸರ, ಎಲ್ಲಾ ಈಕಿ ಒಬ್ಬಾಕೇ ಮಾಡ್ತಾಳ. ಉಳಿದವ್ರು ಯಾಕ ಬಂದಾರ್ರಿ?"

ಅವಳು ಕೇಳಿದ್ದು ಸರಿ. ಶರಣಮ್ಮನ ಹಿಂದೆ ಹಾರುವ ಎಂಟು ವಿಮಾನಗಳನ್ನು ನಾನು ಅಲಂಕಾರಕ್ಕೆ ಬರೆದಿದ್ದೆ.

ನಮ್ಮ ಓಣಿಯಲ್ಲಿ ವಾಯುಪಡೆಯಿಂದ ನಿವೃತ್ತರಾದ ಒಬ್ಬ ಕಾಕಾ ಇದ್ದಾರೆ. ಪುಟಗಳನ್ನು ಅವರ ಮುಂದಿಟ್ಟೆ. ಅವರು ಚಹಾದ ಕಪ್ಪು, ಸಾಸರು, ಬಿಸ್ಕಿಟ್ ತಗೊಂಡು ಟೇಬಲ್ ಮೇಲೆ ಸಾಲು ಹಚ್ಚಿದರು. "ಮಾಸ್ತರ, ಹಿಂದಿನವ್ರು ಲೀಡರ್‌ನ ನೋಡಿಕೊಂತ ಹಾರ್ತಾರ್ರಿ. ದಾರಿ ನೋಡೋದು ಲೀಡರ್ ಕೆಲಸ. ಲೀಡರ್ ಸುಮ್ನ ತಿರುಗಂಗಿಲ್ಲ. ಮೊದಲ ರೇಡಿಯೋದಾಗ ಹೇಳಬೇಕು, ಆಮ್ಯಾಲ ನಿಧಾನ ತಿರುಗಬೇಕು." ಕಪ್ಪನ್ನು ಎಡಕ್ಕೆ ತಿರುಗಿಸಿದರು. ಬಲಗಡೆ ತುದಿಯ ಬಿಸ್ಕಿಟ್ ಸಾಲು ತಪ್ಪದೆ ಬರಬೇಕಾದರೆ ಎಲ್ಲರಿಗಿಂತ ಜಾಸ್ತಿ ದೂರ ಸರಿಯಬೇಕಾಯಿತು. ಅದಕ್ಕೇ ಲೀಡರ್ ತನ್ನ ಎಂಜಿನ್ನಿನ ಪೂರ್ತಿ ಜೋರು ಬಳಸುವುದಿಲ್ಲವಂತೆ. ಬಳಸಿದರೆ ಹೊರಗಿನವರಿಗೆ ಕೂಡಿಕೊಳ್ಳಲು ಏನು ಉಳಿಯುತ್ತದೆ?

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಶರಣಮ್ಮನ ಶಕ್ತಿಯನ್ನೇ ಬದಲಿಸಿದೆ. ಈಗ ಅವಳು ಬಿರುಗಾಳಿ ನಿಲ್ಲಿಸುವುದಿಲ್ಲ. ಅವಳು ಹಾರಿಹೋದ ದಾರಿಯಲ್ಲಿ ಮಾತ್ರ ಗಾಳಿ ನೆಟ್ಟಗಾಗುತ್ತದೆ. ಅವಳು ಅಲುಗಾಡಿದರೆ ಆ ದಾರಿ ಒಡೆಯುತ್ತದೆ. ಒಬ್ಬ ಪೈಲಟ್‌ನ ರೇಡಿಯೋ ಕೆಟ್ಟಿದೆ, ಅವನಿಗೆ ಅವಳ ರೆಕ್ಕೆಯ ದೀಪವೊಂದೇ ದಿಕ್ಕು. ಎರಡು ಪುಟ ಅವಳು ಏನೂ ಮಾಡುವುದಿಲ್ಲ, ನೇರವಾಗಿ ಹಾರುತ್ತಾಳೆ ಅಷ್ಟೇ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಎದೆ ಹೆಚ್ಚು ಹೊಡೆದುಕೊಳ್ಳುವುದು ಆ ಎರಡು ಪುಟಗಳಲ್ಲೇ.

ರಾತ್ರಿಯ ಚಿತ್ರಗಳಿಗೆ ದಾರಿ ತೋರಿಸಿದ್ದು ಬಿದ್ರಿ ಕೆಲಸ. ಬಿದ್ರಿ ಹೂಜಿಯಲ್ಲಿ ಬೆಳ್ಳಿ ತಂತಿಯನ್ನು ಗೀರಿನೊಳಗೆ ಬಡಿದು ಕೂರಿಸುತ್ತಾರೆ, ಆಮೇಲೆ ಕೋಟೆಯ ಮಣ್ಣು ಹಚ್ಚಿ ಲೋಹವನ್ನು ಕಪ್ಪು ಮಾಡುತ್ತಾರೆ. ಬೆಳ್ಳಿ ಮಾತ್ರ ಹೊಳೆಯುತ್ತದೆ. ನಾನೂ ಇಡೀ ಪುಟಕ್ಕೆ ಕಪ್ಪು ಇಂಕು ಬಳಿದು, ಒಣಗಿದ ಮೇಲೆ ಸಣ್ಣ ಬ್ರಷ್‌ನಿಂದ ಬಿಳಿ ಗೆರೆ ಎಳೆದೆ. ಒಂಬತ್ತು ವಿಮಾನ, ಕೆಳಗೆ ಗವಾನ್ ಮದರಸಾದ ಮಿನಾರು, ಬೇರೆ ಏನೂ ಇಲ್ಲ.

ಮಾತಿನ ಬಲೂನುಗಳಿಗೆ ಬಹಳ ಹೊತ್ತು ಹಿಡಿಯಿತು. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಒಂದಕ್ಕೊಂದು ತಾಗುತ್ತವೆ. ಹಾಗಾಗಿ ಈಗ ಮೊದಲು ಅಕ್ಷರ ಬರೆಯುತ್ತೇನೆ, ಆಮೇಲೆ ಅದರ ಸುತ್ತ ಬಲೂನು ಎಳೆಯುತ್ತೇನೆ. ಇದನ್ನು ಶುರುವಿನಲ್ಲೇ ಯಾರಾದರೂ ಹೇಳಿದ್ದರೆ ಎಷ್ಟೋ ಹಾಳೆ ಉಳಿಯುತ್ತಿದ್ದವು.

ಝೆರಾಕ್ಸ್ ಮಾಡಿಸಿ, ಪಿನ್ ಹೊಡೆದು, ಮೊದಲ ಪ್ರತಿಯನ್ನು ಆ ಹುಡುಗಿಗೇ ಕೊಟ್ಟೆ. ಕಪ್ಪು ಪುಟ ಬಂದಾಗ ಅವಳು ಶರಣಮ್ಮನನ್ನು ಬಿಟ್ಟು ಸಾಲಿನ ಕೊನೆಯ ವಿಮಾನದ ಮೇಲೆ ಬೆರಳಿಟ್ಟಳು. "ಇದರಾಗ ಯಾರದಾರ್ರಿ ಸರ?" ಎರಡನೇ ಸಂಚಿಕೆ ಆ ವಿಮಾನದೊಳಗಿಂದಲೇ ಶುರು ಮಾಡಿದ್ದೇನೆ.